ಹೆಜ್ಜೆ ತಡವಾದ ಕೂಸು

ಕಾಶ್ಯಪಸಂಹಿತೆ ಎಂಬ ಹಳೆಯ ವೈದ್ಯಗ್ರಂಥವೊಂದುಂಟು. ಮುಖ್ಯವಾಗಿ ಮಕ್ಕಳ ಆರೈಕೆಗೂ ಮಕ್ಕಳ ರೋಗಗಳಿಗೂ ಮೀಸಲಾದ ಗ್ರಂಥ ಅದು. ನೇಪಾಳದಲ್ಲಿ ಸಿಕ್ಕ, ಎಷ್ಟೋ ಎಲೆಗಳು ಕಳೆದುಹೋಗಿದ್ದ ತಾಳೆಗರಿಯ ಪ್ರತಿಯೊಂದರ ಆಧಾರದಿಂದ 1938ರಲ್ಲಿ ಅದು ಅಚ್ಚಾಯಿತು. ಅದರಲ್ಲಿ ‘ಫಕ್ಕ’ ಎಂಬ ರೋಗದ ವಿಚಾರ ಬರುತ್ತದೆ. ಹುಟ್ಟಿ ಒಂದು ಸಂವತ್ಸರ ತುಂಬಿದರೂ ತನ್ನ ಕಾಲಿನ ಮೇಲೆ ನಡೆಯದ ಮಗುವನ್ನು ಫಕ್ಕವೆಂದು ತಿಳಿಯಬೇಕು ಎನ್ನುತ್ತಾನೆ ಗ್ರಂಥಕಾರ. ಅದಕ್ಕೆ ಮೂರು ಕಾರಣಗಳನ್ನು ಕೊಡುತ್ತಾನೆ. ತಾಯ ಹಾಲು ಕೆಟ್ಟದ್ದರಿಂದ ಬರುವುದು ಒಂದು. ಹಾಲೂಡುವ ತಾಯಿ ಮತ್ತೆ ಬಸುರಾಗಿ, ಹಾಲು ಬತ್ತಿ, ಮಡಿಲಿನ ಕೂಸು ಸೊರಗುವುದು ಎರಡನೆಯದು. ಜ್ವರ ಮೊದಲಾದ ಕಾಯಿಲೆಗಳ ಹಿಂದೆಯೇ ಬರುವುದು ಮೂರನೆಯದು. ಚಿಕಿತ್ಸೆಯ ಭಾಗದಲ್ಲಿ ತುಪ್ಪ, ಹಾಲು, ಎಣ್ಣೆಯ ಅಭ್ಯಂಗಗಳ ಜೊತೆಗೆ ಒಂದು ಸಾಮಾನನ್ನೂ ಹೇಳಿದ್ದಾನೆ: ಮೂರು ಚಕ್ರದ ಪುಟ್ಟ ಗಾಡಿ. ಅದನ್ನು ಹಿಡಿದು ಮಗು ನಡಿಗೆಯನ್ನು ಅಭ್ಯಾಸ ಮಾಡಬೇಕು.

ಹಳೆಯ ಓಲೆಗಳಲ್ಲಿ ಎಲ್ಲವೂ ಇತ್ತು ಎಂದು ಬೀಗುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಈ ಭಾಗವನ್ನು ಮೊದಲ ಸಲ ಓದಿದಾಗ, ಆ ಮರದ ಗಾಡಿಯ ಮುಂದೆ ನಾನು ಬಹಳ ಹೊತ್ತು ನಿಂತೆ. ನಡೆಯದ ಕೂಸೊಂದನ್ನು ಯಾರೋ ಗಮನವಿಟ್ಟು ನೋಡಿದ್ದಾರೆ, ಇದು ವಿಧಿ ಎಂದು ಕೈಚೆಲ್ಲದೆ ಕಾರಣ ಯಾವುದೆಂದು ಕೇಳಿದ್ದಾರೆ, ಬಡಗಿಯನ್ನು ಕರೆದಿದ್ದಾರೆ. ನಲವತ್ತು ವರ್ಷ ಮಕ್ಕಳ ವೈದ್ಯನಾಗಿ ಕೆಲಸ ಮಾಡಿದ ನಾನು ಇಂದು ಹೇಳಲು ಹೊರಟಿರುವುದೂ ಇದನ್ನೇ: ಕೂಸಿನ ಮೈ ಮತ್ತು ಮನಸ್ಸು ಕೂಡಿ ಬೆಳೆಯುವ ಬೆಳವಣಿಗೆ, ವೈದ್ಯರು ‘ಸೈಕೋಮೋಟಾರ್’ ಎಂದು ಕರೆಯುವ ಆ ಬೆಳವಣಿಗೆ, ಯಾವ ಯಾವ ಕಾರಣಗಳಿಂದ ಹಿಂದೆ ಬೀಳಬಹುದು ಎಂಬುದನ್ನು.

ಮೊದಲು ‘ತಡ’ ಎಂದರೆ ಏನು ಎಂಬ ಪ್ರಶ್ನೆ. ಇದರಲ್ಲಿ ಕಾಶ್ಯಪನಿಗಿಂತ ನಾವು ಸ್ವಲ್ಪ ಉದಾರಿಗಳು. ವಿಶ್ವ ಆರೋಗ್ಯ ಸಂಸ್ಥೆಯವರು ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ, ಈ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ತಿಂಗಳು ತಿಂಗಳೂ ನೋಡುತ್ತ ಹೋಗಿ 2006ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು. ಆಸರೆಯಿಲ್ಲದೆ ಕುಳಿತುಕೊಳ್ಳುವುದು ಸುಮಾರು ನಾಲ್ಕರಿಂದ ಒಂಬತ್ತು ತಿಂಗಳ ನಡುವೆ. ಸ್ವತಂತ್ರವಾಗಿ ನಡೆಯುವುದು ಎಂಟು ತಿಂಗಳಿಂದ ಹದಿನೇಳೂವರೆ ತಿಂಗಳ ನಡುವೆ. ಎಷ್ಟು ಅಗಲವಾದ ಬಾಗಿಲು ನೋಡಿ! ಎಂಟನೆಯ ತಿಂಗಳಲ್ಲಿ ಹೆಜ್ಜೆಯಿಟ್ಟ ಎದುರುಮನೆಯ ಹುಡುಗನೂ, ಹದಿನಾರರಲ್ಲಿ ಇಟ್ಟ ನಮ್ಮ ಮನೆಯ ಹುಡುಗಿಯೂ ಅದೇ ಬಾಗಿಲಿನಲ್ಲಿ ಒಳಗೆ ಬಂದವರೇ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲಿಡುವ ಗೋಜಿಗೇ ಹೋಗದೆ ನೇರವಾಗಿ ಎದ್ದು ನಿಂತವು ಎಂಬುದೂ ಆ ಲೆಕ್ಕದಲ್ಲಿ ಕಂಡುಬಂತು. ತಿಂಗಳು ತುಂಬದೆ ಹುಟ್ಟಿದ ಮಗುವಿನ ವಯಸ್ಸನ್ನು ಅದು ಹುಟ್ಟಿದ ದಿನದಿಂದ ಎಣಿಸಬಾರದು, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು. ಎರಡು ತಿಂಗಳು ಮುಂಚೆ ಬಂದ ಕೂಸಿಗೆ ಆರು ತಿಂಗಳಾದಾಗ ಅದು ನಾಲ್ಕರ ಕೂಸು. ಈ ಸಣ್ಣ ಕಳೆಯುವ ಲೆಕ್ಕವನ್ನು ಮಾಡದೆ ಕಣ್ಣೀರಿಟ್ಟ ತಾಯಂದಿರು ಎಷ್ಟೋ ಮಂದಿ.

ಆದರೆ ಈ ಉದಾರತೆಗೆ ಇನ್ನೊಂದು ಮುಖವಿದೆ. ಆ ಮುಖವನ್ನು ನಾನು ಕಂಡದ್ದು ನನ್ನದೇ ತಪ್ಪಿನಲ್ಲಿ.

1984ರ ಮಾತು. ಮಲೆನಾಡಿನ ಸಣ್ಣ ಊರೊಂದರಲ್ಲಿ ಆಗ ನನ್ನ ಕೆಲಸ. ಮಳೆಗಾಲದ ಒಂದು ಬೆಳಿಗ್ಗೆ ನಾಲ್ಕು ತಿಂಗಳ ಹೆಣ್ಣುಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ತಾಯಿಯೂ ಅಜ್ಜಿಯೂ ಬಂದರು. “ಬಹಳ ಸಾಧು ಕೂಸು ಸ್ವಾಮಿ. ಅಳುವುದೇ ಇಲ್ಲ. ಹಾಲಿಗೂ ನಾವೇ ಎಬ್ಬಿಸಬೇಕು” ಎಂದಳು ತಾಯಿ. ಅವಳ ದನಿಯಲ್ಲಿ ಅರ್ಧ ಹೆಮ್ಮೆ, ಅರ್ಧ ಅಳುಕು. ಅಜ್ಜಿಗೆ ಮಾತ್ರ ಸಮಾಧಾನವಿರಲಿಲ್ಲ. ಮೂರು ನಾಲ್ಕು ದಿನಕ್ಕೊಮ್ಮೆ ಮಲವಿಸರ್ಜನೆ ಎಂದಳು, ಮೈ ಯಾವಾಗಲೂ ತಣ್ಣಗೆ ಎಂದಳು, ಹುಟ್ಟಿದಾಗಿನ ಕಾಮಾಲೆ ಎರಡು ತಿಂಗಳು ಇತ್ತು ಎಂದಳು. ಹೊಕ್ಕುಳು ಉಬ್ಬಿತ್ತು. ಕೂಸು ಒಮ್ಮೆ ಅತ್ತಾಗ ದನಿ ದೊಗರಾಗಿತ್ತು. ಹೊರಗೆ ಅರವತ್ತು ಮಂದಿ ಕಾಯುತ್ತಿದ್ದರು. ನಾನು ಎದೆಗೆ ಕೊಳವೆಯಿಟ್ಟು ನೋಡಿ, “ಕೆಲವು ಮಕ್ಕಳು ನಿಧಾನ. ಇನ್ನೆರಡು ತಿಂಗಳು ನೋಡೋಣ” ಎಂದು ಕಳುಹಿಸಿದೆ.

ಎರಡು ತಿಂಗಳಿಗೆ ಅವರು ಬರಲಿಲ್ಲ. ಹೊಳೆ ದಾಟಿ ಬರಬೇಕಾದವರು. ಬಂದದ್ದು ಕೂಸಿಗೆ ಹನ್ನೊಂದು ತಿಂಗಳಾದಾಗ. ಕತ್ತು ಆಗಷ್ಟೇ ನಿಂತಿತ್ತು. ನಾಲಗೆ ದಪ್ಪವಾಗಿ ಹೊರಗೆ ಚಾಚಿತ್ತು. ಬಾಗಿಲಲ್ಲಿ ಕಾಣುತ್ತಲೇ ರೋಗದ ಹೆಸರು ನನ್ನ ತುಟಿಗೆ ಬಂತು, ಅದೇ ಹೆಸರು ಏಳು ತಿಂಗಳ ಹಿಂದೆಯೂ ಬರಬೇಕಾಗಿತ್ತು. ಕತ್ತಿನಲ್ಲಿರುವ ಥೈರಾಯಿಡ್ ಗ್ರಂಥಿ ಆ ಕೂಸಿನಲ್ಲಿ ಹುಟ್ಟಿನಿಂದಲೇ ಸರಿಯಾಗಿ ರೂಪುಗೊಂಡಿರಲಿಲ್ಲ. ಆ ಗ್ರಂಥಿಯ ರಸವಿಲ್ಲದೆ ಮೊದಲ ಎರಡು ಮೂರು ವರ್ಷ ಮಿದುಳು ಕಟ್ಟಿಕೊಳ್ಳಲಾರದು. ಚಿಕಿತ್ಸೆಯೆಂದರೆ ದಿನಕ್ಕೊಂದು ಪುಟ್ಟ ಮಾತ್ರೆ, ಪುಡಿ ಮಾಡಿ ಎದೆಹಾಲಿನ ಎರಡು ತೊಟ್ಟಿನಲ್ಲಿ ಕಲಸಿ ನೆಕ್ಕಿಸಿದರಾಯಿತು. ಹುಟ್ಟಿದ ಎರಡು ವಾರಗಳೊಳಗೆ ಕೊಡಲು ತೊಡಗಿದರೆ ಆ ಮಗು ಉಳಿದ ಮಕ್ಕಳಂತೆಯೇ ಶಾಲೆಗೆ ಹೋಗುತ್ತದೆ. ಹನ್ನೊಂದನೆಯ ತಿಂಗಳಲ್ಲಿ ಕೊಟ್ಟಾಗ ಮೈ ಬೆಳೆಯಿತು, ಮುಖ ಅರಳಿತು, ಮೂರನೆಯ ವರ್ಷಕ್ಕೆ ಅವಳು ನಡೆದಳು. ಓದು ಬರಹ ಮಾತ್ರ ಹತ್ತಲಿಲ್ಲ. ಈಗ ಅವಳು ನಲವತ್ತು ದಾಟಿದ ಹೆಂಗಸು. ನಾನು ಆ ಊರಿಗೆ ಹೋದಾಗಲೆಲ್ಲ ಅಂಗಳಕ್ಕೆ ಬಂದು ನಗುತ್ತಾಳೆ. ಆ ನಗುವನ್ನು ನಾನು ಇಂದಿಗೂ ಸಲೀಸಾಗಿ ಎದುರಿಸಲಾರೆ.

ಈ ರೋಗ ನಮ್ಮ ದೇಶದಲ್ಲಿ ಹೆಚ್ಚುಕಡಿಮೆ ಸಾವಿರ ಕೂಸುಗಳಿಗೆ ಒಂದರಂತೆ ಕಾಣುತ್ತದೆ. ಹುಟ್ಟಿದಾಗ ನೋಡಿ ಹೇಳಲು ಬರುವುದು ಅಪರೂಪ. ತಾಯಿಯಿಂದ ಬಂದ ರಸ ಕೆಲಕಾಲ ಮಗುವನ್ನು ಕಾಯುತ್ತಿರುತ್ತದೆ. ಆದ್ದರಿಂದ ರಕ್ತವನ್ನೇ ಕೇಳಬೇಕು. ಅಮೆರಿಕದ ರಾಬರ್ಟ್ ಗತ್ರಿ ಎಂಬ ವಿಜ್ಞಾನಿ, ತಾನೇ ಬುದ್ಧಿ ಬೆಳೆಯದ ಮಗನೊಬ್ಬನ ತಂದೆ, ಹಸುಳೆಯ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯನ್ನು ಒತ್ತುಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ವಿಧಾನವನ್ನು 1960ರ ದಶಕದ ಆರಂಭದಲ್ಲಿ ರೂಪಿಸಿದ. ಅವನು ಹುಡುಕುತ್ತಿದ್ದುದು ಬೇರೊಂದು ರೋಗವನ್ನು. ಅದೇ ಕಾಗದದ ಹನಿಯಿಂದ ಥೈರಾಯಿಡ್ ಕೊರತೆಯನ್ನೂ ಹಿಡಿಯಬಹುದೆಂದು 1970ರ ದಶಕದಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದವರು ತೋರಿಸಿಕೊಟ್ಟರು. ನಮ್ಮಲ್ಲಿ ಈ ಪರೀಕ್ಷೆ ಸಿಗುತ್ತದೆ, ಆದರೆ ಹುಟ್ಟಿದ ಪ್ರತಿಯೊಂದು ಮಗುವಿಗೂ ತಾನಾಗಿ ಆಗಿಬಿಡುವ ವ್ಯವಸ್ಥೆ ದೇಶದಲ್ಲೆಲ್ಲ ಇನ್ನೂ ಬಂದಿಲ್ಲ. ಮನೆಯವರು ಬಾಯಿಬಿಟ್ಟು ಕೇಳಬೇಕಾಗುತ್ತದೆ. ಎರಡನೆಯ ಅಥವಾ ಮೂರನೆಯ ದಿನ, ಆಸ್ಪತ್ರೆಯಿಂದ ಮನೆಗೆ ಹೊರಡುವ ಮುನ್ನ, ಕೇಳಬೇಕು.

ಗತ್ರಿ ಹುಡುಕುತ್ತಿದ್ದ ರೋಗದ ಹಿಂದೆಯೂ ಒಬ್ಬ ತಾಯಿಯಿದ್ದಾಳೆ. ನಾರ್ವೆಯವಳು. ಅವಳ ಇಬ್ಬರು ಮಕ್ಕಳೂ ಬೆಳವಣಿಗೆಯಲ್ಲಿ ಬಹಳ ಹಿಂದುಳಿದಿದ್ದರು. ಇಬ್ಬರ ಮೈಯಿಂದಲೂ ಒಂದು ವಿಚಿತ್ರ ವಾಸನೆ. ಅವಳು ವೈದ್ಯರಿಂದ ವೈದ್ಯರಿಗೆ ಅಲೆದಳು. ಕೊನೆಗೆ 1934ರಲ್ಲಿ ಫೋಲಿಂಗ್ ಎಂಬ ವೈದ್ಯ ಅವಳ ಮಾತಿಗೆ ಬೆಲೆಕೊಟ್ಟು ಮಕ್ಕಳ ಮೂತ್ರವನ್ನು ಪರೀಕ್ಷಿಸಿ, ಆಹಾರದ ಒಂದು ಅಂಶವನ್ನು ದೇಹ ಅರಗಿಸಿಕೊಳ್ಳಲಾರದ ಆನುವಂಶಿಕ ದೋಷವನ್ನು ಕಂಡುಹಿಡಿದ. ಅವಳ ಮಕ್ಕಳಿಗೆ ಅದರಿಂದ ಪ್ರಯೋಜನವಾಗುವ ಕಾಲ ಮೀರಿತ್ತು.

ಆನುವಂಶಿಕ ಎಂದ ಕೂಡಲೆ ನಮ್ಮ ಕಡೆಯ ಒಂದು ರೂಢಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು, ಅತ್ತೆಯ ಮಗನಿಗೆ ಮಾವನ ಮಗಳನ್ನು ತರುವುದು ನಮ್ಮಲ್ಲಿ ಬಾಂಧವ್ಯದ ಮಾತು, ಆಸ್ತಿಯ ಮಾತೂ ಹೌದು. ಬೆಂಗಳೂರು, ಮೈಸೂರುಗಳ ಆಸ್ಪತ್ರೆಗಳಲ್ಲಿ 1980ರಿಂದ 1989ರವರೆಗೆ ಒಂದು ಲಕ್ಷಕ್ಕೂ ಮಿಕ್ಕ ನವಜಾತ ಶಿಶುಗಳನ್ನು ಪರೀಕ್ಷಿಸಿದಾಗ, ಅವುಗಳ ತಂದೆತಾಯಿಯರಲ್ಲಿ ಸುಮಾರು ಮೂರನೆಯ ಒಂದು ಪಾಲು ರಕ್ತಸಂಬಂಧಿಗಳು ಎಂದು ಕಂಡುಬಂತು. ಪ್ರತಿಯೊಬ್ಬರ ಮೈಯಲ್ಲೂ ಕೆಲವು ದೋಷಯುಕ್ತ ವಂಶವಾಹಿಗಳು ಮೌನವಾಗಿ ಕುಳಿತಿರುತ್ತವೆ. ಅಪರಿಚಿತರ ನಡುವೆ ಒಂದೇ ದೋಷ ಎರಡು ಕಡೆಯಿಂದಲೂ ಬಂದು ಕೂಡುವುದು ಅಪರೂಪ. ಒಂದೇ ಅಜ್ಜನ ಮೊಮ್ಮಕ್ಕಳಲ್ಲಿ ಅಷ್ಟು ಅಪರೂಪವಲ್ಲ. ಹಾಗೆಂದು ಹೆದರಿಸುವುದೂ ಸರಿಯಲ್ಲ. ಇಂಥ ಮದುವೆಗಳ ಬಹುಪಾಲು ಮಕ್ಕಳು ಆರೋಗ್ಯವಂತರೇ. ನಾನು ಕೇಳುವುದಿಷ್ಟೆ: ಮನೆತನದಲ್ಲಿ ಆಗಲೇ ಒಂದು ಮಗು ಹೀಗೆ ಹಿಂದುಳಿದಿದ್ದರೆ ಅದೇ ಮನೆತನದೊಳಗೆ ಇನ್ನೊಂದು ಲಗ್ನಕ್ಕೆ ಓಲೆ ಬರೆಯುವ ಮೊದಲು ಬಲ್ಲ ವೈದ್ಯರನ್ನು ಒಮ್ಮೆ ಕೇಳಿ.

ಬಸಿರಿನ ಕಾಲದ ಉಳಿದ ಅಪಾಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಬಸುರಿಯ ಊಟದಲ್ಲಿ ಅಯೋಡಿನ್ ಇಲ್ಲದಿರುವುದು. ನಾವು ಅಡುಗೆಗೆ ಬಳಸುವ ಅಯೋಡಿನ್ ಉಪ್ಪಿಗೆ ಕಾರಣವೇ ಇದು, ಬರಿಯ ಗಳಗಂಡವಲ್ಲ. ಮೊದಲ ಮೂರು ತಿಂಗಳಲ್ಲಿ ತಾಯಿಗೆ ರುಬೆಲ್ಲ ಬರುವುದು. ಅದು ಕೂಸಿನ ಕಣ್ಣು, ಕಿವಿ, ಹೃದಯ, ಮಿದುಳು ಎಲ್ಲಕ್ಕೂ ಕೈಹಾಕುತ್ತದೆಂದು ಆಸ್ಟ್ರೇಲಿಯದ ಕಣ್ಣಿನ ವೈದ್ಯ ಗ್ರೆಗ್ 1941ರಲ್ಲಿ ಗುರುತಿಸಿದ ದಾರಿಯಿಂದ ಗೊತ್ತಾಯಿತು. ತಾಯಿಯ ರಕ್ತದೊತ್ತಡ, ಮದ್ಯ, ಕೆಲವು ಔಷಧಿಗಳು. ಈ ಪಟ್ಟಿಯಲ್ಲಿ ಗ್ರಹಣವಿಲ್ಲ. ಗ್ರಹಣದ ದಿನ ತರಕಾರಿ ಹೆಚ್ಚಿದ್ದಕ್ಕೆ ಕೂಸು ಹೀಗಾಯಿತೆಂದು ಅತ್ತೆಯಿಂದ ವರ್ಷಗಟ್ಟಲೆ ಮಾತು ಕೇಳಿದ ಸೊಸೆಯರನ್ನು ನಾನು ಕಂಡಿದ್ದೇನೆ.

ಇನ್ನು ಹೆರಿಗೆ. ಕೂಸು ಹಿಂದುಳಿದರೆ ಜನ ಮೊದಲು ಬೆರಳು ತೋರುವುದು ಇಲ್ಲಿಗೇ, ಸೂಲಗಿತ್ತಿಗೆ ಇಲ್ಲವೆ ವೈದ್ಯರಿಗೆ. ಇದರ ಹಿಂದೆ ನೂರೈವತ್ತು ವರ್ಷಕ್ಕೂ ಮಿಕ್ಕ ವಾದವೊಂದಿದೆ, ಸಾಹಿತ್ಯಾಸಕ್ತರಿಗೆ ರುಚಿಸುವಂಥದು. ಲಂಡನ್ನಿನ ವಿಲಿಯಂ ಜಾನ್ ಲಿಟ್ಲ್ ಎಂಬ ಶಸ್ತ್ರವೈದ್ಯ, ತಾನೇ ಬಾಲ್ಯದಿಂದ ಕಾಲು ಸೊಟ್ಟಗಿದ್ದವನು, 1861ರಲ್ಲಿ ಅಲ್ಲಿಯ ಪ್ರಸೂತಿ ವೈದ್ಯರ ಸಂಘದ ಮುಂದೆ ಒಂದು ಪ್ರಬಂಧ ಓದಿದ. ಕಾಲು ಬಿರುಸಾಗಿ ಕತ್ತರಿಯಂತೆ ಹೆಣೆದುಕೊಂಡ ಮಕ್ಕಳಲ್ಲಿ ಹೆಚ್ಚಿನವರು ಅಕಾಲದಲ್ಲಿ ಹುಟ್ಟಿದವರು, ಕಷ್ಟದ ಹೆರಿಗೆಯವರು, ಹುಟ್ಟಿದಾಗ ಉಸಿರು ಹತ್ತದವರು ಎಂದು ಅವನ ವಾದ. ಸಾಕ್ಷಿಗೆ ಅವನು ಕರೆತಂದವರಲ್ಲಿ ಷೇಕ್ಸ್‌ಪಿಯರನ ಮೂರನೆಯ ರಿಚರ್ಡ್ ದೊರೆಯೂ ಒಬ್ಬ. ತಾನು ಕಾಲಕ್ಕೆ ಮೊದಲೇ, ಅರೆಬರೆಯಾಗಿ ಲೋಕಕ್ಕೆ ಬಂದೆನೆಂದು ನಾಟಕದಲ್ಲಿ ಗೋಳಾಡುವವನು. ಪಾಪ, 2012ರಲ್ಲಿ ಲೆಸ್ಟರ್ ನಗರದ ವಾಹನ ನಿಲ್ದಾಣವೊಂದರ ಕೆಳಗೆ ಆ ದೊರೆಯ ಎಲುಬುಗೂಡೇ ಸಿಕ್ಕಿತು. ಬೆನ್ನುಮೂಳೆ ಬಾಗಿದ್ದು ನಿಜ, ಆದರೆ ಅದು ಹರೆಯಕ್ಕೆ ಬರುವಾಗ ಬಾಗಿದ್ದು; ನಾಟಕ ಹೇಳುವ ಒಣಗಿದ ತೋಳಿಗೆ ಅಲ್ಲಿ ಆಧಾರ ಸಿಗಲಿಲ್ಲ. ಕವಿಯನ್ನು ವೈದ್ಯಸಾಕ್ಷಿಯಾಗಿ ಕರೆಯುವುದರ ಅಪಾಯವಿದು.

ಲಿಟ್ಲ್‌ನ ಮಾತಿಗೆ ಎದುರಾಡಿದವನು ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್. ಕನಸುಗಳ ಕಡೆಗೆ ತಿರುಗುವ ಮೊದಲು ಅವನು ಮಕ್ಕಳ ನರರೋಗಗಳ ವೈದ್ಯ. 1897ರ ಗ್ರಂಥದಲ್ಲಿ ಅವನು ಒಂದು ಸಂಶಯವನ್ನು ಮುಂದಿಟ್ಟ: ಕಷ್ಟದ ಹೆರಿಗೆಯೇ ರೋಗಕ್ಕೆ ಕಾರಣವೋ, ಅಥವಾ ಗರ್ಭದಲ್ಲೇ ಏನೋ ಕೆಟ್ಟು, ಅದರ ಒಂದು ಲಕ್ಷಣವಾಗಿ ಹೆರಿಗೆ ಕಷ್ಟವಾಯಿತೋ? ಬಹುಕಾಲ ಯಾರೂ ಈ ಪ್ರಶ್ನೆಯನ್ನು ಲೆಕ್ಕಕ್ಕಿಡಲಿಲ್ಲ. 1959ರಿಂದ 1966ರವರೆಗೆ ಅಮೆರಿಕದ ಹಲವು ಆಸ್ಪತ್ರೆಗಳಲ್ಲಿ ಅರ್ಧ ಲಕ್ಷಕ್ಕೂ ಹೆಚ್ಚು ಬಸಿರುಗಳನ್ನು ದಾಖಲಿಸಿ, ಆ ಮಕ್ಕಳನ್ನು ಏಳು ವರ್ಷದವರೆಗೂ ಹಿಂಬಾಲಿಸಿದರು. 1986ರಲ್ಲಿ ಅದರ ಫಲ ಪ್ರಕಟವಾಯಿತು. ಮಿದುಳಿನ ಪಾರ್ಶ್ವವಾಯು ಬಂದ ಮಕ್ಕಳಲ್ಲಿ ಹೆಚ್ಚಿನವರಿಗೆ ಹುಟ್ಟುವಾಗ ಉಸಿರು ಕಟ್ಟಿರಲೇ ಇಲ್ಲ. ವರ್ಜೀನಿಯಾ ಆಪ್ಗರ್ ಎಂಬ ಅರಿವಳಿಕೆ ವೈದ್ಯೆ 1952ರಲ್ಲಿ ಸೂಚಿಸಿದ ಹತ್ತು ಅಂಕಗಳ ಪರೀಕ್ಷೆಯೊಂದಿದೆ. ಹುಟ್ಟಿದ ಒಂದು ನಿಮಿಷಕ್ಕೂ ಐದು ನಿಮಿಷಕ್ಕೂ ಮಗುವಿನ ಬಣ್ಣ, ನಾಡಿ, ಉಸಿರು, ಬಿಗುವು, ಚುರುಕುಗಳಿಗೆ ಅಂಕ ಹಾಕುತ್ತಾರೆ. ಆ ಪರೀಕ್ಷೆಯಲ್ಲಿ ತೀರ ಕಡಿಮೆ ಅಂಕ ಪಡೆದು ಬದುಕಿ ಉಳಿದ ಮಕ್ಕಳಲ್ಲೂ ಬಹುಪಾಲು ಮುಂದೆ ಚೆನ್ನಾಗಿಯೇ ಇದ್ದರು.

ಇದನ್ನು ಕೇಳಿ ನಮ್ಮ ಹೆರಿಗೆಯ ಕೋಣೆಗಳು ನಿಶ್ಚಿಂತವಾಗಿರಬಹುದೆಂದು ಯಾರೂ ತಿಳಿಯಬಾರದು. ದಾರಿ ದೂರ, ವಾಹನ ಇಲ್ಲ, ರಾತ್ರಿ ವೈದ್ಯರಿಲ್ಲ ಎಂಬ ಕಡೆಗಳಲ್ಲಿ ಉಸಿರು ಕಟ್ಟಿ ಹುಟ್ಟುವ ಮಕ್ಕಳ ಪಾಲು ಅಮೆರಿಕಕ್ಕಿಂತ ಬಹಳ ಹೆಚ್ಚು. ಆದರೆ ಅಂಥ ಮಕ್ಕಳ ಮೈಯನ್ನು ಮೂರು ದಿನ ತಂಪಾಗಿಟ್ಟು ಮಿದುಳನ್ನು ಉಳಿಸುವ ಪಶ್ಚಿಮದ ಚಿಕಿತ್ಸೆಯನ್ನು ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ, 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅದು ಉಪಕಾರ ಮಾಡಲಿಲ್ಲ, ಸಾವು ಹೆಚ್ಚಾಯಿತು. ನಮ್ಮ ಮಕ್ಕಳ ಪೆಟ್ಟು ಹೆರಿಗೆಗೆ ಮೊದಲೇ, ಗರ್ಭದಲ್ಲೇ ಶುರುವಾಗಿರಬಹುದೆ ಎಂದು ಸಂಶೋಧಕರು ಈಗ ಕೇಳುತ್ತಿದ್ದಾರೆ. ಫ್ರಾಯ್ಡ್‌ನ ಸಂಶಯ ಇನ್ನೂ ತೀರಿಲ್ಲ.

ಹುಟ್ಟಿದ ಮೊದಲ ವಾರದ ಒಂದು ಅಪಾಯವನ್ನು ಮಾತ್ರ ನಾವು ಸಂಪೂರ್ಣವಾಗಿ ಗೆಲ್ಲಬಲ್ಲೆವು. ಅದು ಕಾಮಾಲೆ. ಹೆಚ್ಚಿನ ಕೂಸುಗಳು ಎರಡು ಮೂರನೆಯ ದಿನ ತುಸು ಹಳದಿಯಾಗಿ ತಾವೇ ತಿಳಿಯಾಗುತ್ತವೆ. ಕೆಲವರಲ್ಲಿ ಹಳದಿ ಏರಿ ಮಿದುಳಿನ ಆಳಕ್ಕಿಳಿದು ಅಲ್ಲಿ ಕಲೆ ಕೂರುತ್ತದೆ. ಅಂಥ ಮಗು ಬುದ್ಧಿ ಚುರುಕಾಗಿದ್ದರೂ ಕೈಕಾಲು ಹೇಳಿದಂತೆ ಕೇಳದೆ ತಿರುಚಿಕೊಳ್ಳುತ್ತದೆ. ಕಿವಿಯೂ ಕೇಳದೆ ಹೋಗಬಹುದು. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತ್ಯದ ರಾಚ್‌ಫರ್ಡ್ ಆಸ್ಪತ್ರೆಯಲ್ಲಿ ಜೀನ್ ವಾರ್ಡ್ ಎಂಬ ದಾದಿಯಿದ್ದಳು. ದಿನ ತುಂಬದ ಕೂಸುಗಳನ್ನು ಬಿಸಿಲಿಗೆ ಒಯ್ಯುವುದು ಅವಳ ಪದ್ಧತಿ. 1956ರಲ್ಲಿ ಒಂದು ದಿನ ಅವಳು ವೈದ್ಯರಿಗೆ ಒಂದು ಕೂಸಿನ ಹೊಟ್ಟೆಯನ್ನು ತೋರಿಸಿದಳು. ಮೈಯೆಲ್ಲ ತಿಳಿಯಾಗಿತ್ತು, ಹೊದಿಕೆಯ ಮೂಲೆ ಮುಚ್ಚಿದ್ದ ತ್ರಿಕೋನವೊಂದು ಮಾತ್ರ ಹಳದಿಯಾಗಿಯೇ ಉಳಿದಿತ್ತು. ಆ ತ್ರಿಕೋನದಿಂದಲೇ ಇಂದಿನ ನೀಲಿ ದೀಪದ ಚಿಕಿತ್ಸೆ ಹುಟ್ಟಿತು. 1958ರಲ್ಲಿ ಅದರ ವರದಿ ಬಂತು. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಹಳದಿ ಇಳಿದರೆ, ಕೂಸು ಹಾಲು ಬಿಟ್ಟು ತೂಕಡಿಸಿದರೆ ಎಳೆಬಿಸಿಲಲ್ಲಿ ಹಿಡಿದುಕೊಂಡು ಕೂರುವ ಹೊತ್ತಲ್ಲ ಅದು. ಅಂದೇ ಆಸ್ಪತ್ರೆಗೆ ಹೋಗಬೇಕು.

ಈಗ ಕಾಶ್ಯಪನ ‘ಕೆಟ್ಟ ಹಾಲಿ’ಗೆ ಬರುತ್ತೇನೆ. ಎದೆಹಾಲು ಕೆಡುವುದುಂಟೆ ಎಂದು ನಾವು ಕಾಲೇಜಿನಲ್ಲಿ ನಕ್ಕವರು. ಆದರೆ 1962ರಲ್ಲಿ ವೆಲ್ಲೂರಿನ ವೈದ್ಯರು ಒಂದು ವಿಚಿತ್ರ ರೋಗವನ್ನು ವರ್ಣಿಸಿದರು. ಆರು ತಿಂಗಳಿಂದ ವರ್ಷದೊಳಗಿನ ಕೂಸು. ನೋಡಲು ಬಡಕಲಲ್ಲ, ಒಮ್ಮೊಮ್ಮೆ ಗುಂಡಗೇ ಇರುತ್ತದೆ. ಎದೆಹಾಲಿನ ಮೇಲೆಯೇ ಬೆಳೆದದ್ದು. ಅದುವರೆಗೆ ನಗುತ್ತಿದ್ದುದು ನಗುವುದನ್ನು ಬಿಡುತ್ತದೆ, ಕೂರುತ್ತಿದ್ದುದು ಕೂರುವುದನ್ನು ಮರೆಯುತ್ತದೆ. ಕೂದಲು ತೆಳುವಾಗಿ ಕಂದು ತಿರುಗುತ್ತದೆ, ಬೆರಳ ಗೆಣ್ಣುಗಳು ಕಪ್ಪಾಗುತ್ತವೆ. ರಕ್ತವಿಲ್ಲದ ಬಿಳುಪು ಮುಖ. ಮುಂದೆ ಕೈ, ತಲೆ ನಡುಗತೊಡಗಬಹುದು. ಕಾರಣ, ಬಿ-12 ಎಂಬ ಜೀವಸತ್ತ್ವದ ಕೊರತೆ. ಅದು ಪ್ರಾಣಿಮೂಲದ ಆಹಾರದಲ್ಲಷ್ಟೇ ಸಿಗುವಂಥದು. ಮಾಂಸ, ಮೊಟ್ಟೆ ಮುಟ್ಟದ, ಹಾಲು ಮೊಸರೂ ಗಂಡಸರ ಎಲೆಗೆ ಬಡಿಸಿ ಮುಗಿದ ಮೇಲೆ ನೀರುಮಜ್ಜಿಗೆಯಾಗಿ ಸಿಗುವ ಮನೆಯ ಸೊಸೆಯ ಮೈಯಲ್ಲಿ ಅದು ಇರುವುದಿಲ್ಲ. ಅವಳ ಹಾಲಿನಲ್ಲೂ ಇರುವುದಿಲ್ಲ. ಅವಳು ಮಾತ್ರ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರಬಹುದು. ಬಡವರ ಮನೆಯ ರೋಗವಷ್ಟೇ ಅಲ್ಲ ಇದು, ಮಡಿವಂತ ಸ್ಥಿತಿವಂತರ ಮನೆಗಳಲ್ಲೂ ಕಂಡಿದ್ದೇನೆ.

ಚಿಕಿತ್ಸೆಯ ಫಲ ನೋಡುವಂಥದು. ಸೂಜಿಮದ್ದು ಕೊಟ್ಟ ಎರಡು ಮೂರು ದಿನಗಳಲ್ಲೇ ಕೂಸು ತಾಯಿಯ ಮುಖವನ್ನು ಹುಡುಕುತ್ತದೆ. ನಡುಕ ಕೆಲವೊಮ್ಮೆ ಮದ್ದು ಕೊಟ್ಟ ಮೇಲೆಯೇ ಹೆಚ್ಚುವುದುಂಟು, ಅದಕ್ಕೆ ಗಾಬರಿಯಾಗಬೇಕಿಲ್ಲ. ತಡವಾದಷ್ಟೂ ಮಾತ್ರ ಬುದ್ಧಿಯಲ್ಲಿ ಊನ ಉಳಿಯುವ ಸಂಭವ ಹೆಚ್ಚು. ಎದೆಹಾಲು ಬಿಡಿಸುವುದು ಇದಕ್ಕೆ ಪರಿಹಾರವಲ್ಲ. ತಾಯಿಗೆ ಬಿ-12 ಕೊಡುವುದು, ಆರು ತಿಂಗಳಾಗುತ್ತಲೇ ಕೂಸಿಗೆ ಮೆತ್ತನೆಯ ಅನ್ನದ ಜೊತೆಗೆ ಬೇರೆ ಆಹಾರ ತೊಡಗುವುದು ಪರಿಹಾರ. ಕಬ್ಬಿಣದ ಕೊರತೆಯೂ ಇದರ ಒಡಹುಟ್ಟು. ಕೋಸ್ಟರೀಕಾ ದೇಶದಲ್ಲಿ ಬೆಟ್ಸಿ ಲೊಜಾಫ್ ಮತ್ತು ಸಂಗಡಿಗರು, ಶೈಶವದಲ್ಲಿ ತೀವ್ರವಾಗಿ ಕಬ್ಬಿಣ ಕಡಿಮೆಯಾಗಿದ್ದ ಮಕ್ಕಳನ್ನು ಹಿಂಬಾಲಿಸಿದರು. ರಕ್ತ ಸರಿಯಾದ ಮೇಲೂ, ಐದನೆಯ ವರ್ಷ ಶಾಲೆಯ ಹೊಸ್ತಿಲಲ್ಲಿ, ಆ ಮಕ್ಕಳು ಒಡನಾಡಿಗಳಿಗಿಂತ ಹಿಂದಿದ್ದರೆಂದು 1991ರಲ್ಲಿ ವರದಿ ಮಾಡಿದರು. ಅಂಗನವಾಡಿಯಿಂದ ಸಿಗುವ ಕಬ್ಬಿಣದ ದ್ರವದ ಸೀಸೆ ಕಪಾಟಿನಲ್ಲಿ ಮುಚ್ಚಳ ತೆರೆಯದೆ ಕುಳಿತಿರುವುದನ್ನು ನೋಡಿದಾಗ ನನಗೆ ಇದು ನೆನಪಾಗುತ್ತದೆ.

ಜ್ವರದ ನಂತರ ಬರುವುದು ಎಂದನಲ್ಲ ಕಾಶ್ಯಪ, ಅದನ್ನು ನಾವು ಮಿದುಳಪೊರೆಯ ಉರಿಯೂತ, ನಿಲ್ಲದ ಸೆಳವು ಎಂದು ಹೆಸರಿಟ್ಟು ಕರೆಯುತ್ತೇವೆ. ಅದರ ವಿವರ ಬೇಡ.

ಹೇಳಲೇಬೇಕಾದ ಇನ್ನೊಂದು ಅಪಾಯ ಯಾವ ಪ್ರಯೋಗಾಲಯದ ಕಾಗದದಲ್ಲೂ ಕಾಣುವುದಿಲ್ಲ. ಅದು ಕೂಸಿನ ಸುತ್ತಲಿನ ಮೌನ. 1986ರ ಸುಮಾರಿಗೆ ಜಮೈಕಾದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ, ಅಪೌಷ್ಟಿಕತೆಯಿಂದ ಎತ್ತರ ಕುಗ್ಗಿದ 129 ಮಕ್ಕಳನ್ನು ಗ್ರಾಂಥಮ್-ಮೆಕ್‌ಗ್ರೆಗರ್ ಎಂಬ ವೈದ್ಯೆ ನಾಲ್ಕು ಗುಂಪು ಮಾಡಿದಳು. ಒಂದಕ್ಕೆ ಹಾಲಿನ ಪುಡಿಯ ಪೋಷಣೆ. ಇನ್ನೊಂದಕ್ಕೆ ಆಟ: ವಾರಕ್ಕೊಮ್ಮೆ ಒಂದು ಗಂಟೆ ಆರೋಗ್ಯ ಕಾರ್ಯಕರ್ತೆಯೊಬ್ಬಳು ಮನೆಗೆ ಬಂದು, ಖಾಲಿ ಡಬ್ಬ, ಬಿರಡೆ, ರಟ್ಟುಗಳಿಂದ ಮಾಡಿದ ಆಟಿಕೆ ತಂದು, ಮಗುವಿನ ಜೊತೆ ಹೇಗೆ ಆಡುವುದು, ಹೇಗೆ ಮಾತಾಡುವುದು ಎಂದು ತಾಯಿಗೆ ತೋರಿಸುವುದು. ಮೂರನೆಯದಕ್ಕೆ ಎರಡೂ. ನಾಲ್ಕನೆಯದಕ್ಕೆ ಎರಡೂ ಇಲ್ಲ. ಎರಡು ವರ್ಷದ ಬಳಿಕ ಹಾಲೂ ಆಟವೂ ಎರಡೂ ದೊರೆತ ಮಕ್ಕಳು, ಎತ್ತರ ಕುಗ್ಗದ ನೆರೆಯ ಮಕ್ಕಳ ಬೆಳವಣಿಗೆಯನ್ನು ಬಹುಮಟ್ಟಿಗೆ ಹಿಡಿದಿದ್ದರು. ಹಾಲಿನ ಫಲ ಮುಂದೆ ಮಾಸಿತು. ಆಟದ ಫಲ ಮಾಸಲಿಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವರ ಸಂಪಾದನೆ ಆಟ ಸಿಗದವರಿಗಿಂತ ನಾಲ್ಕನೆಯ ಒಂದು ಪಾಲು ಹೆಚ್ಚಾಗಿತ್ತು ಎಂದು 2014ರಲ್ಲಿ ಪ್ರಕಟವಾಯಿತು.

ಹೆರಿಗೆಯ ನಂತರ ಮನಸ್ಸು ಕುಗ್ಗಿ ಗೋಡೆಯತ್ತ ಮುಖ ಮಾಡಿ ಮಲಗುವ ಬಾಣಂತಿಯ ಕೂಸಿಗೂ ಇದೇ ಮೌನ ತಟ್ಟುತ್ತದೆ. ಸೋಮಾರಿ, ಮುನಿಸಿನವಳು ಎಂದು ಅವಳನ್ನು ಬೈಯುವ ಮನೆಯವರು, ಅವಳಿಗೂ ಚಿಕಿತ್ಸೆಯಿದೆ ಎಂಬುದನ್ನು ತಿಳಿದಿರುವುದಿಲ್ಲ. ಇನ್ನು ಅಂಗಡಿಯಲ್ಲಿ ಸಿಗುವ, ಕೂಸನ್ನು ಒಳಗೆ ನೇತುಹಾಕಿ ಉರುಳಿಸುವ ನಡೆಬಂಡಿ. ಹೆಸರು ನಡಿಗೆಯದಾದರೂ ಅದು ನಡಿಗೆಯನ್ನು ಕಲಿಸುವುದಿಲ್ಲ, ಮೆಟ್ಟಿಲಿನಿಂದ ಬೀಳಿಸುತ್ತದೆ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ಹಿಡಿದು ದೂಡಿಕೊಂಡು ಹೋಗುವ ಕಾಶ್ಯಪನ ಗಾಡಿಯೇ ಮೇಲು.

ಅಪಾಯದ ಕಾರಣ ಬೇರೆ, ರೋಗ ಬೇರೆ. ಮೋಡ ಕವಿದ ದಿನವೆಲ್ಲ ಮಳೆ ಬರುವುದಿಲ್ಲ; ಕೊಡೆ ಮಾತ್ರ ಕೈಯಲ್ಲಿರಬೇಕು. ಎರಡೂವರೆ ಕಿಲೋಗಿಂತ ಕಡಿಮೆ ತೂಕ, ದಿನ ತುಂಬದ ಜನನ, ತೀವ್ರ ಕಾಮಾಲೆ, ಹುಟ್ಟಿದ ವಾರದಲ್ಲಿ ಸೆಳವು, ಇವುಗಳಲ್ಲಿ ಯಾವುದೊಂದಿದ್ದರೂ ಕೂಸನ್ನು ಎರಡು ವರ್ಷ ತುಂಬುವವರೆಗೆ ಆಗಾಗ್ಗೆ ತೋರಿಸುತ್ತಿರಬೇಕು ಎಂಬುದಷ್ಟೇ ಅರ್ಥ. ತಿರುವನಂತಪುರದ ಮಕ್ಕಳ ಬೆಳವಣಿಗೆಯ ಕೇಂದ್ರದವರು ಇದಕ್ಕಾಗಿ 1991ರಲ್ಲಿ ಹದಿನೇಳು ಗೆರೆಗಳ ಒಂದು ಪಟ ಮಾಡಿದರು. ಬರೋಡದ ಮಕ್ಕಳನ್ನು ನೋಡಿ ಸಿದ್ಧಪಡಿಸಿದ ಅಳತೆಗಳಿಂದ ಆಯ್ದದ್ದು. ಮಗುವಿನ ವಯಸ್ಸಿನ ತಿಂಗಳ ಮೇಲೆ ಒಂದು ಪೆನ್ಸಿಲನ್ನು ನೆಟ್ಟಗೆ ಇಟ್ಟರೆ, ಅದರ ಎಡಕ್ಕೆ ಉಳಿದ ಗೆರೆಗಳ ಕೆಲಸಗಳನ್ನೆಲ್ಲ ಮಗು ಮಾಡುತ್ತಿರಬೇಕು. ಐದು ನಿಮಿಷದ ಕೆಲಸ. 1984ರಲ್ಲಿ ನನ್ನ ಮೇಜಿನ ಮೇಲೆ ಅಂಥದೊಂದು ಇರಲಿಲ್ಲ. ಇದ್ದಿದ್ದರೆ ಆ ಅಜ್ಜಿಯ ಮಾತನ್ನು ಇನ್ನೊಮ್ಮೆ ಕೇಳುತ್ತಿದ್ದೆನೇನೋ.

ಅಜ್ಜಿಯರ ಮಾತು ಬಂದದ್ದರಿಂದ ಇನ್ನೊಬ್ಬಳನ್ನು ನೆನೆಯುತ್ತೇನೆ. ಬಾಣಂತಿ ಮನೆಗಳಿಗೆ ಹೋಗಿ ಕೂಸುಗಳಿಗೆ ನೀರೆರೆಯುವುದು ಅವಳ ಕಸುಬು. ನೆಲದ ಮೇಲೆ ಕಾಲು ನೀಡಿ ಕುಳಿತು, ಕೂಸನ್ನು ಕಾಲಮೇಲೆ ಮಲಗಿಸಿ, ಎಣ್ಣೆ ಹಚ್ಚಿ, ಕೈಕಾಲು ಮಡಿಸಿ ಬಿಡಿಸಿ, ಕಂದೀಲಿನಷ್ಟು ಬಿಸಿ ನೀರು ಹೊಯ್ಯುವವಳು. ಐದು ತಿಂಗಳ ಗಂಡುಕೂಸೊಂದನ್ನು ಎತ್ತಿಕೊಂಡು, ಹಿಂದೆ ಅನುಮಾನಿಸುತ್ತ ಬಂದ ತಾಯಿಯನ್ನು ಮುಂದೆ ದೂಡಿಕೊಂಡು ನನ್ನ ಕೋಣೆಗೆ ನುಗ್ಗಿದಳು. “ಇದರ ತೊಡೆ ಬಿಡಿಸಿದರೆ ಬಿಡುವುದಿಲ್ಲ. ಎಡಗೈ ಮುಷ್ಟಿ ತೆರೆಯುವುದಿಲ್ಲ. ಎತ್ತಿದರೆ ಬಿಲ್ಲಿನಂತೆ ಹಿಂದಕ್ಕೆ ಸೆಟೆಯುತ್ತದೆ. ನೂರಾರು ಕೂಸು ಎರೆದಿದ್ದೇನೆ, ಕೈಗೆ ಗೊತ್ತಾಗುತ್ತದೆ” ಎಂದಳು. ನಾನು ತೊಡೆಗಳನ್ನು ಅಗಲಿಸಿ ನೋಡಿದೆ. ಅವಳ ಕೈ ಹೇಳಿದ್ದು ಸರಿಯಾಗಿತ್ತು. ಅಂದಿನಿಂದಲೇ ವ್ಯಾಯಾಮ ತೊಡಗಿತು. ದಿನವೂ ಅದನ್ನು ಮಾಡಿಸಿದವಳು ಅವಳೇ, ಸ್ನಾನದ ಹೊತ್ತಿನಲ್ಲಿ. ಹುಡುಗ ನಾಲ್ಕನೆಯ ವರ್ಷಕ್ಕೆ ಕೋಲು ಹಿಡಿದು ನಡೆದ. ಈಗ ತಾಲ್ಲೂಕು ಕಛೇರಿಯಲ್ಲಿ ಗುಮಾಸ್ತ, ಹಬ್ಬದ ದಿನ ಅವಳ ಮನೆಗೆ ಹೋಗಿ ಜಗಲಿಯಲ್ಲಿ ಕುಳಿತು ಬರುತ್ತಾನೆ.